ಐದನೆಯ ಲೋಟದ ಅಕ್ಕ

ಅಕ್ಕನ ಬಲಗೈಯ ತೋರುಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಎಂದೋ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾಗಿತ್ತು. ಅದನ್ನೇ ಚಾಚಿ ಒಬ್ಬರಿಗೆ ಗದರಿಸಿದರೆ ಪಕ್ಕದಲ್ಲಿದ್ದವರೂ ಬೆಚ್ಚಿ ಲೋಟ ಎತ್ತುತ್ತಿದ್ದರು.

ಎರಡು ಸಾವಿರನೇ ಇಸವಿಯ ನಂತರದ ವರ್ಷಗಳು. ಬಿ.ಸಿ.ರೋಡಿನ ಹತ್ತಿರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ಟೆಕ್ನೀಷಿಯನ್, ಅವರು ಆಯಾ. ಹೊಟ್ಟೆಯ ಸಿ.ಟಿ. ಸ್ಕ್ಯಾನಿಗೆ ಬಂದವರು ಔಷಧಿ ಬೆರೆಸಿದ ಐದು ಲೋಟ ನೀರನ್ನು ಒಂದು ಗಂಟೆಯಲ್ಲಿ ಕುಡಿದು ಮುಗಿಸಬೇಕು. ಅದು ತುಂಬಿದರೆ ಮಾತ್ರ ಚಿತ್ರದಲ್ಲಿ ಕರುಳು ಬೆಳ್ಳಗೆ, ಬೇರೆಯಾಗಿ ಕಾಣುತ್ತದೆ. ಕುಡಿಸುವ ಕೆಲಸ ಅಕ್ಕನದು.

ಆ ಕುಡಿಸುವ ಚಂದವೋ! ಎಳನೀರಿನಂತೆ ಗಟಗಟ ಕುಡಿದವರಿಗೆ "ಇದೇನು ಬೊಂಡವಾ?" ಎಂದು ಬೈಗುಳ. ಕಹಿಯೆಂದು ಮುಖ ಕಿವುಚಿದರೆ "ನಾನು ಪಾಯಸ ಅಂತ ಹೇಳಿದ್ದೇನಾ?" ಎಂದು ಇನ್ನೊಂದು. ಮುಗಿಸಿದವರ ಲೋಟವನ್ನು ಬೆಳಕಿಗೆ ಹಿಡಿದು ತಳ ನೋಡುತ್ತಿದ್ದರು. ಹೊರಗೆ ಜನ ತುಂಬಿದ್ದಾರೆ, ಒಳಗೆ ಯಂತ್ರ ಖಾಲಿ, ಫೋನಿನಲ್ಲಿ ಡಾಕ್ಟರ ಕೂಗು.

"ಅಕ್ಕ, ಸಾಕು, ಕಳಿಸಿ."

"ಇನ್ನೊಂದು ಲೋಟ ಉಂಟು."

"ನಾಲ್ಕು ಆಯ್ತಲ್ಲ?"

"ನಾಲ್ಕು ಐದಲ್ಲ ಮಾರಾಯ."

ಈ ಉತ್ತರ ಕೇಳಿ ಎಷ್ಟು ಸಲ ಹಲ್ಲು ಕಡಿದಿದ್ದೇನೋ.

ಒಮ್ಮೆ ಅವರು ರಜೆಯಲ್ಲಿದ್ದರು. ನಾರಾವಿಯಿಂದ ಬಂದಿದ್ದ ಹೆಂಗಸೊಬ್ಬರು ಮೂರನೆಯ ಲೋಟಕ್ಕೇ ವಾಕರಿಸಿದರು. ಅವರ ಗಂಡನಿಗೆ ಬಸ್ಸಿನ ಅವಸರ, ನನಗೆ ಊಟದ್ದು. ಅಷ್ಟಕ್ಕೇ ಮಲಗಿಸಿ ಸ್ಕ್ಯಾನ್ ಮುಗಿಸಿದೆ. ಡಾಕ್ಟರಿಗೆ ಹೋಗುವ ಚೀಟಿಯಲ್ಲಿ 'ಪೂರ್ತಿ ಕುಡಿದಿದ್ದಾರೆ' ಎಂದು ಬರೆದೆ. ವರದಿಯಲ್ಲಿ ಗಡ್ಡೆಯ ಸಂಶಯ ಬಂತು.

ಹತ್ತು ದಿನ ಬಿಟ್ಟು ಇನ್ನೊಮ್ಮೆ ಸ್ಕ್ಯಾನಿಗೆ ಬಂದಾಗ ಹೆಂಗಸು ಅರ್ಧ ಇಳಿದುಹೋಗಿದ್ದರು.

"ಹೋದ ಸಲ ಎಷ್ಟು ಕುಡಿದಿದ್ದೀರಿ?" ಅಕ್ಕ ಕೇಳಿದರು.

"ಎರಡೂವರೆ ಲೋಟ."

ಅಕ್ಕ ನನ್ನ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿ ಕೂತು, ಬೆನ್ನು ಸವರುತ್ತ, "ಮೆಲ್ಲ ಪರ್ಲೆ, ಮೆಲ್ಲ ಕುಡಿಯಿರಿ" ಎನ್ನುತ್ತ ಐದೂ ಲೋಟ ಕುಡಿಸಿದರು. ಈ ಸಲ ಗಡ್ಡೆ ಇರಲಿಲ್ಲ. ಔಷಧಿ ತಲುಪದೆ ಮುದುಡಿಕೊಂಡಿದ್ದ ಕರುಳೇ ಅಂದು ಹಾಗೆ ಕಂಡದ್ದು.

"ಅವರಿಗೆ ಡಾಕ್ಟರು ಹೇಳ್ತಾರೆ ಬಿಡಿ" ಎಂದೆ ಅಕ್ಕನಿಗೆ.

"ಗಡ್ಡೆ ಇಲ್ಲ ಅಂತ ಅವರು ಹೇಳಲಿ. ಅವತ್ತು ಯಾಕೆ ಕಂಡಿತು ಅಂತ ನೀವು ಹೇಳಿ." ಅಷ್ಟು ಹೇಳಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

ಸಿಟ್ಟು ನೆತ್ತಿಗೇರಿತ್ತು. ಆದರೂ ಹೋಗಿ ಗಂಡ ಹೆಂಡತಿ ಇಬ್ಬರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಗಂಡ ಕೂಗಾಡಿದರು. ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇನ್ನು ನನ್ನಿಂದ ಆಗ್ಲಿಕ್ಕಿಲ್ಲ ಅಂತ ದನವನ್ನು ತಂಗಿಯ ಮನೆಗೆ ಕೊಟ್ಟುಬಿಟ್ಟೆ. ಇವತ್ತೇ ಹೋಗಿ ತರುವ" ಎಂದು ಗಂಡನನ್ನು ಹೊರಡಿಸಿದರು.

ಅಕ್ಕ ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ನನಗೆ ಅದೂ ಕಿರಿಕಿರಿಯೇ. ಬೈದಿದ್ದರೆ ಎದುರು ಮಾತಾದರೂ ಆಡಬಹುದಿತ್ತು. ಮುಂದೆ ಅಕ್ಕ ಕೆಲಸ ಬಿಟ್ಟು ಮೂಡುಬಿದಿರೆಯ ಮಗಳ ಮನೆ ಸೇರಿದರು, ಅಲ್ಲೇ ತೀರಿಕೊಂಡರು. ಅವರು ಬಾಗಿಲಿಗೆ ಅಡ್ಡ ನಿಂತ ದಿನದಿಂದ ಇವತ್ತಿನವರೆಗೆ, ಕುಡಿಯದ್ದನ್ನು ಕುಡಿದರೆಂದು ನಾನು ಒಮ್ಮೆಯೂ ಬರೆದಿಲ್ಲ.