ಕೋಳಿಯ ಕಾವಿಗಿಟ್ಟ ಜೇನಿನ ಕರುಳು

ಮಗಳು ಹೆಜ್ಜೇನಿನ ಕರುಳೊಳಗಿನ ಬ್ಯಾಕ್ಟೀರಿಯಾ ಓದುತ್ತಾಳೆ ಎಂದು ಹೇಳಿಕೊಳ್ಳಲು ನಮ್ಮವ್ವನಿಗೆ ನಾಚಿಕೆ. ನೆಂಟರು ಕೇಳಿದರೆ "ಏನೋ ಡಾಕ್ಟ್ರು ಥರದ್ದು ಓದ್ತಾಳೆ" ಎಂದು ಮಾತು ತೇಲಿಸಿಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನೀನು ಹಾಲಿಗೆ ಹೆಪ್ಪು ಹಾಕಲ್ವಾ? ಇದೂ ಹಂಗೇ ಕಣವ್ವ. ಆಗ ತಾನೇ ಹೊರಗೆ ಬಂದ ಜೇನಿನ ಹೊಟ್ಟೇಲಿ ಈ ಹೆಪ್ಪೇ ಇರಲ್ಲ. ಗೂಡಿನ ದೊಡ್ಡ ಹುಳಗಳಿಂದ ಬರಬೇಕು. ಬಂದ್ರೆ ತಿಂದಿದ್ದು ಅರಗ್ತೈತೆ!"

"ಉಣ್ಣೋ ಹೊತ್ನಲ್ಲಿ ಕರುಳಿನ ಮಾತು ಬ್ಯಾಡ ಕಣೇ."

ಆ ವರ್ಷ ಕಾಫಿ ಹೂವು ಮುಗಿದಿತ್ತು. ಪಾಳ್ಯದ ಹತ್ತಿರದ ನಮ್ಮ ತೋಟದ ಮರದಿಂದ ಹೆಜ್ಜೇನು ಎದ್ದು ಹೋಗುವ ಮುಂಚೆ ನಾಲ್ಕಾರು ಹುಳ ಹಿಡಿದು, ಕರುಳು ಬಿಡಿಸಿ, ಜೆಲ್ಲಿ ತುಂಬಿದ ಪುಟ್ಟ ತಟ್ಟೆಗಳಿಗೆ ಬಳಿದೆ. ಅವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಒಳಗಿನ ಗಾಳಿ ಕಮ್ಮಿಯಾಗಲೆಂದು ತುಂಡು ಮೇಣದಬತ್ತಿ ಹಚ್ಚಿ ಮುಚ್ಚಳ ಬಿಗಿದೆ. ಇನ್ನು ಎರಡು ಮೂರು ದಿನ ಗೂಡಿನಷ್ಟೇ ಬೆಚ್ಚಗಿದ್ದರೆ ಸಾಕು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮನೆಗೆ ತಂದಿದ್ದ, ಬಿಸಿ ಹಿಡಿದಿಡುವ ಕರೆಂಟಿನ ಪೆಟ್ಟಿಗೆಯೊಳಗೆ ಡಬ್ಬಿ ಇಟ್ಟೆ.

ಸಂಜೆಗೆ ಮಳೆ, ಗಾಳಿ! ತೋಟದ ಸಿಲ್ವರ್ ಓಕ್ ಮರ ತಂತಿ ಮೇಲೆ ಬಿದ್ದು ಕರೆಂಟೂ ಹೋಯಿತು, ದಾರಿಯೂ ಕಟ್ಟಿತು. ಬೆಳಿಗ್ಗೆ ನೋಡಿದರೆ ಹೆಜ್ಜೇನು ಗೂಡು ಬಿಟ್ಟು ಹೊರಟೇಹೋಗಿತ್ತು. ಪೆಟ್ಟಿಗೆಯಲ್ಲಿ ಉಳಿದಿದ್ದ ಬಿಸಿಯೂ ಆರುತ್ತಿತ್ತು; ಈ ಡಬ್ಬಿ ಪೂರ್ತಿ ತಣ್ಣಗಾದರೆ ಮುಂದಿನ ಹೂವಿನವರೆಗೆ ಬಾಯಿಗೆ ಮಣ್ಣು. ಒಲೆ ಪಕ್ಕ ಇಟ್ಟರೆ ಬೆಂದೇಹೋಗುತ್ತವೆ. ಅಳು ಬರುವಂತಾಗಿ ನಿಂತಿದ್ದಾಗ ಕೊಟ್ಟಿಗೆ ಮೂಲೆಯಿಂದ ಕೊರ್ರ್ ಎಂದಿತು, ಕಾವಿಗೆ ಕೂತ ಕೋಳಿ.

ಅಯ್ಯೋ, ಇದಕ್ಕಿಂತ ಒಳ್ಳೇ ಪೆಟ್ಟಿಗೆ ಬೇಕೇ! ಡಬ್ಬಿ ಎತ್ತಿಕೊಂಡು ಓಡಿದೆ. ಅವ್ವ ಬಾಗಿಲಿಗೇ ಅಡ್ಡ ನಿಂತಳು.

"ಮುಟ್ಟೀಯ ಜೋಕೆ! ಇವತ್ತೋ ನಾಳೆಯೋ ಮರಿ ಆಗೋ ಮೊಟ್ಟೆ. ಕೆಟ್ಟೋದ್ರೆ ನಿನ್ ಜೇನು ಬಂದು ಮರಿ ಮಾಡ್ಕೊಡ್ತೈತಾ?"

"ಒಂದೇ ಡಬ್ಬಿ. ನಿನ್ ದಮ್ಮಯ್ಯ ಅಂತೀನಿ ಕಣವ್ವ!"

ನನ್ನ ಮುಖ ನೋಡಿದಳು. ಗೊಣಗುತ್ತಲೇ ಡಬ್ಬಿಗೆ ಹಳೇ ಸೀರೆಯ ತುಂಡು ಸುತ್ತಿದಳು. ನಾನು ಕೈ ಹಾಕಿದರೆ ಕುಕ್ಕಿದ ಕೋಳಿ ಅವ್ವನ ಕೈಗೆ ತೆಪ್ಪಗೆ ಬಗ್ಗಿತು. ಅವಳು ಮೊಟ್ಟೆಗಳ ಪಕ್ಕ ಇಟ್ಟ ಡಬ್ಬಿಯ ಮೇಲೂ ರೆಕ್ಕೆ ಹರಡಿ ಕೂತೇಬಿಟ್ಟಿತು. ನಾನು ಗಳಿಗೆಗೊಮ್ಮೆ ಹೋಗಿ ಇಣುಕುತ್ತಿದ್ದೆ.

"ಹಂಗೆ ಇಣುಕ್ತಾ ಇದ್ರೆ ಎದ್ದೋಗ್ಬುಡ್ತೈತೆ, ಬಾರೇ ಈಚೆಗೆ!"

ಮರುದಿನ ಮರಿಗಳ ಚಿಲಿಪಿಲಿ ಶುರುವಾಯಿತು. ಅದರ ಮಾರನೆಯ ದಿನ ಡಬ್ಬಿ ಹೊರತೆಗೆದೆ. ತಟ್ಟೆಯ ತುಂಬ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು! ನಾನು ಕಿರುಚಿದ ರಭಸಕ್ಕೆ, ಮುಂಗುಸಿ ಬಂತೆಂದು ಅವ್ವ ಕೋಲು ಹಿಡಿದು ಓಡಿಬಂದಳು.

ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಜಗಲಿಯಲ್ಲಿ ಚಿಕ್ಕಮ್ಮನಿಗೆ ಫೋನ್ ಮಾಡಿದ್ದು ಒಳಗೆಲ್ಲ ಕೇಳಿಸುತ್ತಿತ್ತು.

"ನಮ್ ಕೋಳಿ ಮರಿ ಮಾಡ್ತು ಕಣೇ. ಜೇನಿನ ಬ್ಯಾಕ್ಟೀರಿಯಾನೂ ಮಾಡ್ತು. ಹೂಂ ಕಣೇ, ಕರುಳಿಂದೇ. ನನ್ ಮಗಳು ಓದೋದು ಅದನ್ನೇ."