ಕೆರೆಯಂಗಳದ ಟೆಂಟಿಗೆ ಬಂದ ಮಂಚ

ಟೆಂಟಿನ ಕೊನೆಯ ಗೂಟ ಹೊಡೆದು ನಮ್ಮ ಮನೆಯವರು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಒಂದು ಮಂಚ ಬಂತು.

ತಮಾಷೆ ಅಲ್ಲ. ನವಾರದ ಮಂಚ. ಇಬ್ಬರು ಗಂಡಸರು ಹೊತ್ತು ತಂದು ಟೆಂಟಿನ ಮುಂದೆ ಇಳಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ಧೂಳು ಒರೆಸಿ, “ಕುಂದ್ರಿ ಸಾರ್, ನೆಲದ ಮ್ಯಾಗ ಯಾಕ?” ಅಂದರು. ಅವರ ಹಿಂದೆಯೇ ಐವತ್ತು ದಾಟಿದ ಒಬ್ಬ ಹೆಂಗಸು ಬುಟ್ಟಿ ತುಂಬ ಎಳೆ ಸೌತೆಕಾಯಿ ತಂದಿಟ್ಟರು. ಅದರ ಹಿಂದೆ ಫ್ಲಾಸ್ಕಿನಲ್ಲಿ ಟೀ ಬಂತು.

ನಾವು ಯಾರೆಂದು ಅವರಿಗೆ ಗೊತ್ತಿಲ್ಲ. ಅವರು ಯಾರೆಂದು ನಮಗೂ ಗೊತ್ತಿಲ್ಲ. ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯವರು ಇಷ್ಟು ವರ್ಷದಲ್ಲಿ ಒಂದು ಸಲವೂ ಒಳಗೆ ಕರೆದು ಕುರ್ಚಿ ಹಾಕಿದ್ದಿಲ್ಲ. (ಅವರು ಈ ಅಂಕಣ ಓದುವುದಿಲ್ಲ, ಅದೇ ಧೈರ್ಯ.) ಹಾಗಿರುವಾಗ ಕೆರೆ ದಂಡೆಯಲ್ಲಿ ಮಂಚ, ಸೌತೆಕಾಯಿ, ಟೀ! ನಮ್ಮವರು ಎದೆಯುಬ್ಬಿಸಿ ನನ್ನ ಕಡೆ ನೋಡಿದರು. “ನೋಡಿದ್ಯಾ? ಇದು ನಮ್ ಜನ” ಅಂದರು.

ಮೊದಲು ಈ ಟೆಂಟಿನ ಕಥೆ ಹೇಳಿಬಿಡುತ್ತೇನೆ. ನಮ್ಮವರದು ಜೀನ್ಸ್ ಪ್ಯಾಂಟು ಹೊಲಿಸುವ ಕೆಲಸ. ಇಡೀ ದಿನ ಹತ್ತಾರು ಮೆಷಿನ್‌ಗಳ ಸದ್ದು. ಮನೆಗೆ ಬಂದ ಮೇಲೆ ಆ ತಲೆಗೆ ತಂಪು ಬೇಕಲ್ಲ, ಮೊಬೈಲಿನಲ್ಲಿ ಯಾವುದೋ ದೇಶದ ಜನ ಕೆರೆ ಪಕ್ಕ ಟೆಂಟ್ ಹಾಕಿಕೊಂಡು ಸುಮ್ಮನೆ ಕೂತಿರುವ ವಿಡಿಯೋ ನೋಡುತ್ತಾರೆ. ಅಲ್ಲಿ ಕೆರೆಗೂ ಒಂದು ಸರ್ಕಾರಿ ಪಾರ್ಕು. ಗೇಟು, ಟಿಕೆಟ್ಟು, ಟೆಂಟ್ ಹಾಕಲು ನಂಬರ್ ಬರೆದ ಜಾಗ, ಕೈ ತೊಳೆಯಲು ನಲ್ಲಿ, ಕರಡಿ ಬಂದರೆ ಏನು ಮಾಡಬೇಕೆಂಬ ಬೋರ್ಡು. (ಕರಡಿ ನಮ್ಮ ಗುಡ್ಡಗಳಲ್ಲೂ ಇವೆ. ಬೋರ್ಡು ಇಲ್ಲ, ಅಷ್ಟೇ.)

ವಿಡಿಯೋ ನೋಡಿ ನೋಡಿ ಒಂದು ದಿನ ಟೆಂಟ್ ತರಿಸಿಯೇಬಿಟ್ಟರು. ಮಗಳು ಚೈತ್ರಾಳ ಪರೀಕ್ಷೆ ಮುಗಿದಿತ್ತು. ಗೆಳೆಯರೊಬ್ಬರ ಬಿಳಿ ಜೀಪು ಸಿಕ್ಕಿತು. ಶನಿವಾರ ಮಧ್ಯಾಹ್ನ ಹೊರಟೆವು. ಕಣೇಕಲ್ಲು ದಾಟಿ ಆಚೆ ಒಂದು ಕೆರೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಒಬ್ಬರಿಗೆ ತೊಂದರೆ.

ಬೇಸಿಗೆಗೆ ನೀರು ಹಿಂದೆ ಸರಿದು ಕೆರೆಯಂಗಳ ಅಗಲವಾಗಿ ತೆರೆದುಕೊಂಡಿತ್ತು. ಅಲ್ಲಲ್ಲಿ ಜಾಲಿ ಮುಳ್ಳಿನ ಬೇಲಿ, ಬೇಲಿಯೊಳಗೆ ಹಸಿರು. ಉಳಿದದ್ದೆಲ್ಲ ಖಾಲಿ ಜಾಗ ಅಂದುಕೊಂಡೆವು. ನಮ್ಮವರು ಹೆಜ್ಜೆ ಹಾಕಿ ಅಳೆದರು. ಹಗ್ಗ ಎಳೆದರು. ಗೂಟ ಹೊಡೆದರು. ಕತ್ತಲಾದ ಮೇಲೆ ಯಾರೂ ಎಡವಬಾರದೆಂದು ಪ್ರತಿ ಗೂಟಕ್ಕೂ ಕೆಂಪು ಬಟ್ಟೆಯ ಚೂರು ಕಟ್ಟಿದರು. (ಕಟಿಂಗ್ ಮಾಡಿ ಉಳಿದ ಬಟ್ಟೆಗೆ ನಮ್ಮ ಮನೆಯಲ್ಲಿ ಕೊರತೆಯಿಲ್ಲ.) ಚೈತ್ರಾ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಅದರ ಮೇಲೆ ಮೊಬೈಲ್ ಸಿಗಿಸಿದಳು. ಸೂರ್ಯ ಮುಳುಗುವುದನ್ನು ರೆಕಾರ್ಡ್ ಮಾಡಬೇಕಿತ್ತಂತೆ. ಒಂದು ಕಣ್ಣು ಮುಚ್ಚಿ ಕೆರೆಯ ಆ ಕಡೆಯಿಂದ ಈ ಕಡೆಗೆ ಮೊಬೈಲ್ ತಿರುಗಿಸಿ ನೋಡುತ್ತಿದ್ದಳು.

ಬಿಳಿ ಜೀಪು, ಹಗ್ಗ, ಕೆಂಪು ಬಟ್ಟೆ ಕಟ್ಟಿದ ಗೂಟ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ನಿಮಗೆ ಆಗಲೇ ಹೊಳೆದಿರಬೇಕು. ನಮಗೆ ಹೊಳೆಯಲಿಲ್ಲ.

ಮಂಚ ತಂದವರಲ್ಲಿ ಹಿರಿಯರು ಕೈ ಕಟ್ಟಿಕೊಂಡು ನಿಂತೇ ಇದ್ದರು. “ಎಷ್ಟು ದಿವ್ಸ ಇರ್ತೀರಿ ಸಾರ್?” ಅಂತ ಕೇಳಿದರು.

“ನಾಳೆ ಹೋಗ್ತೀವ್ರಿ.”

“ಒಂದ ದಿವ್ಸದಾಗ ಮುಗೀತೈತಾ ಸಾರ್?”

“ಮುಗೀಲಿಲ್ಲಂದ್ರ ಮತ್ತ ಬರೋದು, ಅದಕ್ಕೇನು!” ನಮ್ಮವರಿಗೆ ಖುಷಿಯೋ ಖುಷಿ. ಹಿರಿಯರ ಮುಖ ಯಾಕೋ ಸಣ್ಣದಾಯಿತು. ಮಗಳಿಗೆ ಕೈಮುಗಿದು ಹೊರಟರು. ಹತ್ತನೇ ತರಗತಿ ಬರೆದ ಹುಡುಗಿಗೆ!

ಸೌತೆಕಾಯಿ ತಂದ ಹೆಂಗಸಿನ ಹೆಸರು ಹೊನ್ನೂರಮ್ಮ. ಅವರು ಮಾತ್ರ ಹೋಗಲಿಲ್ಲ. ಸ್ವಲ್ಪ ದೂರದಲ್ಲಿ ಕೂತಿದ್ದವರು ಮೆಲ್ಲಗೆ ನನ್ನ ಹತ್ತಿರ ಸರಿದು ಪಿಸುದನಿಯಲ್ಲಿ ಕೇಳಿದರು.

“ಅಮ್ಮಾ, ಸಾರ್ ಒಳ್ಳೇರಾ?”

“ಒಳ್ಳೇರ ಅದಾರ. ಸಿಟ್ಟು ಸ್ವಲ್ಪ ಜಾಸ್ತಿ.”

“ಹೇಳಿದ್ರ ಕೇಳ್ತಾರಾ?”

“ಮದುವಿ ಆದಾಗಿಂದ ಹೇಳಾಕತ್ತೀನಿ. ಇವತ್ತಿನ ತನಕ ಒಂದೂ ಕೇಳಿಲ್ಲ” ಅಂದೆ. ಹೆಂಗಸರ ನಡುವಿನ ಮಾತು, ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಸೆರಗು ಕೊಡವಿಕೊಂಡು ಎದ್ದು ಹೋದರು.

ನಾನು ಮಂಚ, ಬುಟ್ಟಿ, ಫ್ಲಾಸ್ಕ್ ಮೂರನ್ನೂ ಸೇರಿಸಿ ಫೋಟೋ ತೆಗೆದು ಸ್ಟೇಟಸ್ ಹಾಕಿದೆ. “ಪ್ರೀತಿ ಇನ್ನೂ ಹಳ್ಳಿಗಳಲ್ಲಿದೆ” ಅಂತ ಬರೆದೆ. ಟಪಟಪನೆ ಹಾರ್ಟ್‌ಗಳು ಬಿದ್ದವು. ಮಡಕಶಿರದಲ್ಲಿರುವ ನನ್ನ ತಂಗಿ ಮಾತ್ರ ಫೋನ್ ಮಾಡಿದಳು. ಅವಳದು ರೇಷ್ಮೆಗೂಡಿನ ವ್ಯಾಪಾರ, ದಿನಕ್ಕೆ ನೂರು ಜನರ ಹತ್ತಿರ ಚೌಕಾಸಿ ಮಾಡುವವಳು. ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ.

“ಅಕ್ಕಾ, ಸೌತೆಕಾಯಿ ಕೊಡ್ತಾರೆ, ಟೀನೂ ಕೊಡ್ತಾರೆ. ಮಂಚ ಯಾರೂ ಹೊತ್ಕೊಂಡ್ ಬರಲ್ಲ ಕಣಕ್ಕ. ಯಾಕೆ ಅಂತ ಸ್ವಲ್ಪ ವಿಚಾರ್ಸು.”

“ನಿನಗೆಲ್ಲಾದ್ರಲ್ಲೂ ಅನುಮಾನ” ಅಂದು ಫೋನ್ ಇಟ್ಟೆ. ಸೂರ್ಯ ಚೆನ್ನಾಗಿಯೇ ಮುಳುಗಿದ. ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅವರದೇ ಸೌತೆಕಾಯಿ. ಸೊಳ್ಳೆಗಳನ್ನು ಬಿಟ್ಟರೆ ದೂರುವಂಥದ್ದು ಏನೂ ಇರಲಿಲ್ಲ.

ಬೆಳಿಗ್ಗೆ ಮೇಕೆಗಳ ಸದ್ದಿಗೆ ಎಚ್ಚರವಾಯಿತು.

ಟೆಂಟಿನ ಜಿಪ್ ಎಳೆದು ಹೊರಗೆ ಬಂದೆ. ನಮ್ಮಿಂದ ಒಂದಿಷ್ಟು ದೂರದಲ್ಲಿ ನಿನ್ನೆ ಮುಳ್ಳಿನ ಬೇಲಿ ಇತ್ತು. ಇವತ್ತು ಇರಲಿಲ್ಲ. ಮುಳ್ಳೆಲ್ಲ ಕೆರೆ ಏರಿಯ ಬುಡದಲ್ಲಿ ರಾಶಿ ಬಿದ್ದಿತ್ತು. ಬೇಲಿ ಇದ್ದ ಜಾಗದೊಳಗೆ ಯಾರದೋ ಮೇಕೆ ಹಿಂಡು ನುಗ್ಗಿ ಸೌತೆ ಬಳ್ಳಿಗಳನ್ನು ಆರಾಮಾಗಿ ಮೇಯುತ್ತಿತ್ತು. ಹೂವು, ಹೀಚು, ಎಲೆ, ಯಾವುದನ್ನೂ ಬಿಡುತ್ತಿರಲಿಲ್ಲ.

ಅಲ್ಲೇ ಏರಿಯ ಮೇಲೆ ಹೊನ್ನೂರಮ್ಮ ಕೂತಿದ್ದರು. ಮಂಡಿಯ ಮೇಲೆ ಕೈ. ನೋಡುತ್ತಿದ್ದರು, ಏಳುತ್ತಿರಲಿಲ್ಲ.

“ಹೊಡೀರಿ ಅವನ್ನ! ಎಲ್ಲಾ ತಿಂದು ಹಾಕ್ತಾವ!” ಅಂತ ಕೂಗಿದೆ.

“ತಿನ್ಲಿ ಬಿಡ್ರಮ್ಮ. ನಂದಲ್ಲ ಅದು.”

“ಮತ್ತ ಯಾರ್ದು?”

“ಯಾರ್ದೂ ಅಲ್ಲ. ತಾನಾ ಹುಟ್ಟೈತಿ.”

ಸಾಲು ಹಿಡಿದು, ಪಾತಿ ಕಟ್ಟಿಕೊಂಡು, ತಾನೇ ಹುಟ್ಟಿದ ಸೌತೆ! ಹೊನ್ನೂರಮ್ಮ ನನ್ನನ್ನು ನೋಡುತ್ತಿರಲಿಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡು ಟೆಂಟಿನಿಂದ ಹೊರಬಂದ ನಮ್ಮವರನ್ನು ನೋಡುತ್ತಿದ್ದರು. ಆ ನೋಟ ನೋಡಿದ ಮೇಲೆ ತಂಗಿಯ ಮಾತು ನನ್ನ ತಲೆಗೆ ಹತ್ತಿತು.

“ನಮ್ಮನ್ನ ಯಾರಂದುಕೊಂಡೀರಿ?” ಅಂತ ಕೇಳಿದೆ.

“ಸರ್ವೇದವ್ರು. ಎಮ್ಮಾರ್ವೋ ಆಫೀಸಿನಿಂದ ಕೆರಿ ಅಳಿಯಾಕ ಬಂದೀರಿ.”

(ಎಮ್ಮಾರ್ವೋ ಅಂದರೆ ನಮ್ಮ ಆಂಧ್ರದ ತಹಶೀಲ್ದಾರರು.) ಮುಂದಿನದನ್ನು ಅವರ ಬಾಯಿಂದ ಒಂದೊಂದಾಗಿ ಹೊರಡಿಸಬೇಕಾಯಿತು. ಆ ಊರಲ್ಲಿ ಬೇಸಿಗೆಗೆ ನೀರು ಸರಿದ ಹಾಗೆ ಕೆಲವು ಮನೆಯ ಹೆಂಗಸರು ಕೆರೆಯಂಗಳದಲ್ಲಿ ಸೌತೆ ಹಾಕುತ್ತಾರೆ. ಯಾವ ತುಂಡು ಯಾರದೆಂದು ಊರಿಗೆಲ್ಲ ಗೊತ್ತು. ಅತ್ತೆ ಹಾಕುತ್ತಿದ್ದ ತುಂಡು ಸೊಸೆಗೆ. ಮಗನಿಗಲ್ಲ, ಸೊಸೆಗೆ. ಹೊನ್ನೂರಮ್ಮನಿಗೆ ಅದು ಅವರ ಅತ್ತೆಯಿಂದ ಬಂದದ್ದು. ಜಮೀನಿನ ಪಾಸ್‌ಬುಕ್ಕಿಲ್ಲ, ಪಟ್ಟಾ ಇಲ್ಲ. ಮಳೆ ಬಂದು ಕೆರೆ ತುಂಬಿದರೆ ತುಂಡೂ ಇಲ್ಲ. ಬೇಸಿಗೆ ಮುಗಿಯುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು, ಸೌತೆ ಸೀಳಿ, ಖಾರ ಉಪ್ಪು ಸವರಿ ಮಾರುತ್ತಾರೆ. ಆ ಎರಡು ಮೂರು ತಿಂಗಳು ಅವರು ಯಾರ ಹೊಲಕ್ಕೂ ಕೂಲಿಗೆ ಹೋಗಬೇಕಾಗಿಲ್ಲ.

“ಅದು ಸರಿ, ಬೇಲಿ ಯಾಕ ಕಿತ್ತಿರಿ?”

“ಬೇಲಿ ಇದ್ರ ಸರ್ಕಾರಿ ಜಾಗ ಆಕ್ರಮಣ ಅಂತಾರ್ರಿ. ಕೇಸು ಮಾಡ್ತಾರ. ಇಲ್ದಿದ್ರ, ತಾನಾ ಹುಟ್ಟೈತಿ ಸಾರ್, ನಾ ಬರೇ ಹರಕೊಂತೀನಿ ಅಂತ ಕಾಲು ಹಿಡೀಬೌದು.” ನನ್ನ ಕಡೆ ತಿರುಗಿ, “ನಿನ್ನಿ ಕೇಳ್ದೆನಲ್ಲಮ್ಮ ನಿಮ್ಮನ್ನ. ಹೇಳಿದ್ರ ಕೇಳೋ ಮನಶಾ ಅಲ್ಲ ಅಂದ್ರಿ” ಅಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಂಡನ ಮೇಲೆ ಒಂದು ಸಣ್ಣ ಜೋಕು ಮಾಡಿದ್ದೆ. ಅದನ್ನು ಕೇಳಿಕೊಂಡು ಹೋಗಿ ಈ ಹೆಂಗಸು ತನ್ನ ಕೈಯಾರೆ ಬೇಲಿ ಕಿತ್ತಿದ್ದರು. ತನ್ನ ಬೆಳೆಯನ್ನು ಮೇಕೆ ತಿನ್ನುತ್ತಿದ್ದರೂ ನನ್ನದಲ್ಲ ಅನ್ನುತ್ತಾ ಕೂತಿದ್ದರು. ನಾನು ಫೋಟೋ ತೆಗೆದು ಹಾಕಿದ್ದು ಯಾವ ಪ್ರೀತಿಯನ್ನು? ಟೀಯನ್ನು ಪ್ರೀತಿಯಿಂದ ಕೊಟ್ಟರೂ ಭಯದಿಂದ ಕೊಟ್ಟರೂ ಕುಡಿಯುವವರಿಗೆ ರುಚಿ ಒಂದೇ.

ನಾವು ಸರ್ವೇದವರಲ್ಲ ಅಂದೆವು. ನಂಬಲಿಲ್ಲ. ಜೀಪು ಗೆಳೆಯರದು ಅಂದೆವು. ನಂಬಲಿಲ್ಲ. ಚೈತ್ರಾ ಓಡಿಹೋಗಿ ಮೊಬೈಲ್ ತಂದು ಸೂರ್ಯ ಮುಳುಗುವ ವಿಡಿಯೋ ತೋರಿಸಿದಳು. ಅದರಲ್ಲಿ ಅವರ ಸೌತೆ ತೋಟವೂ ಚೆನ್ನಾಗಿ ಬಂದಿತ್ತು. ಇನ್ನಷ್ಟು ಹೆದರಿದರು.

“ಹಂಗಾದ್ರ ಯಾಕ ಬಂದೀರಿ?”

“ಸುಮ್ನ, ಮಲಗಾಕ” ಅಂದರು ನಮ್ಮವರು.

“ಮನಿ ಇಲ್ಲೇನ್ರಿ?”

“ಐತಿ.”

“ಫ್ಯಾನು?”

“ಐತಿ.”

“ಮನ್ಯಾಗ ಜಗಳಾ?”

“ಇಲ್ಲವ್ವಾ!”

“ಮತ್ತ ಮನಿ, ಫ್ಯಾನು ಇಟಗೊಂಡು ಸೊಳ್ಳಿ ಕಡಿಸ್ಕೊಳ್ಳಾಕ ಯಾರರ ಬರ್ತಾರೇನ್ರಿ?”

ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತಿದ್ದಿರಿ? ಕೆಲಸದ ಟೆನ್ಶನ್, ಮನಸ್ಸಿಗೆ ಶಾಂತಿ, ನೇಚರ್ ಅಂತೆಲ್ಲ ನಮ್ಮವರು ಶುರುಮಾಡಿದರು. ಆ ಜಾಗದಲ್ಲಿ ನಿಂತು ಕೇಳಿದಾಗ ನನಗೇ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು.

ಕೊನೆಗೆ ನಮ್ಮವರು ಮಾತು ಬಿಟ್ಟು ಹೋಗಿ ಗೂಟ ಕೀಳತೊಡಗಿದರು. ಒಂದೊಂದೇ ಕಿತ್ತು, ಕೆಂಪು ಬಟ್ಟೆ ಬಿಚ್ಚಿ, ಜೀಪಿನೊಳಗೆ ಹಾಕಿದರು. ಟೆಂಟು ಉಸ್ಸೆಂದು ಕೂತಿತು. ಹೊನ್ನೂರಮ್ಮ ಎದ್ದು ಬಂದು ಗೂಟ ಇದ್ದ ಜಾಗವನ್ನೆಲ್ಲ ಕಾಲಿನಿಂದ ಮುಟ್ಟಿ ನೋಡಿದರು. ಒಂದೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹೆಂಟೆ ಎತ್ತಿಕೊಂಡು ಮೇಕೆಗಳ ಮೇಲೆ ಬಿದ್ದರು ನೋಡಿ! “ಯಾರಪ್ಪನ ಬೆಳೀಂತ ಮೇಯ್ತೀರೇ!” ಎಂಬ ಆ ಕೂಗಿಗೆ ಮೇಕೆಗಳ ಜೊತೆ ನಾವೂ ಎರಡು ಹೆಜ್ಜೆ ಹಿಂದೆ ಸರಿದೆವು.

ಉಳಿದದ್ದು ಅಂಚಿನ ಮೂರು ಸಾಲು ಮಾತ್ರ. ನಮ್ಮವರು ಜೇಬಿಗೆ ಕೈ ಹಾಕಿದರು. ಹೊನ್ನೂರಮ್ಮ, “ಅದೆಲ್ಲಾ ಬ್ಯಾಡ್ರಿ. ಮುಳ್ಳು ಎಳಿಯಾಕ ಕೈ ಹಚ್ಚರಿ” ಅಂದರು. ಹಚ್ಚಿದೆವು. ಜಾಲಿ ಮುಳ್ಳಿನ ಕೊಂಬೆಯನ್ನು ಎಲ್ಲಿ ಹಿಡಿದು ಎಳೆಯಬೇಕೆಂದು ಗೊತ್ತಾಗುವಷ್ಟರಲ್ಲಿ ಮೂವರ ಕೈಯಲ್ಲೂ ರಕ್ತ. ಬೇಲಿ ಮತ್ತೆ ನಿಲ್ಲುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಂಚದವರು ಬಂದರು. ಸಂಗತಿ ತಿಳಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮಂಚ ಎತ್ತಿಕೊಂಡು ಹೋದರು. ಹೋಗಿ ಬರ್ತೀವಿ ಅಂತಲೂ ಅನ್ನಲಿಲ್ಲ. ತಪ್ಪೇನು? ಸಾಹೇಬರಲ್ಲದವರಿಗೆ ಮಂಚ ಯಾಕೆ?

ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡರೆ, “ನಮ್ಮ ಕಡೆ ಕೆರೇಲೂ ಅಷ್ಟೇ ಕಣಕ್ಕ. ಖಾಲಿ ಐತೆ ಅಂತ ಕಾಣ್ತದೆ, ಯಾರ್ದೋ ಒಬ್ಬರ್ದು ಇದ್ದೇ ಇರ್ತದೆ” ಅಂದಳು. ವಿಡಿಯೋದ ಆ ಪಾರ್ಕಿನಲ್ಲಿ ಟೆಂಟಿನ ಜಾಗಕ್ಕೆ ನಂಬರ್ ಯಾಕೆ ಬರೆದಿರುತ್ತಾರೆಂದು ನನಗೆ ಈಗ ಅರ್ಥವಾಗುತ್ತದೆ. ಅಲ್ಲಿ ಮಲಗಿದರೆ ಯಾರ ಅನ್ನದ ಮೇಲೂ ಮಲಗಿದ ಹಾಗಲ್ಲ ಅಂತ ಆ ನಂಬರು ಹೇಳುತ್ತದೆ. ನಮ್ಮ ಕೆರೆಯಂಗಳದಲ್ಲಿ ಅದನ್ನು ಹೇಳುವವರು ಯಾರೂ ಇಲ್ಲ. ಅದನ್ನು ನಾವೇ ಕೇಳಿ ತಿಳಿದುಕೊಳ್ಳಬೇಕಿತ್ತು. ಟೆಂಟ್ ಹಾಕುವ ಮೊದಲು ಹತ್ತು ಹೆಜ್ಜೆ ನಡೆದು “ಇಲ್ಲಿ ಇರಬಹುದಾ?” ಅಂತ ಒಂದು ಮಾತು ಕೇಳಿದ್ದರೆ ಆ ಬೆಳೆ ಉಳಿಯುತ್ತಿತ್ತು. ಕೇಳಲಿಲ್ಲ. ಜೀಪಿನಲ್ಲಿ ಬಂದವರಿಗೆ ಕೇಳುವುದು ನೆನಪಾಗುವುದಿಲ್ಲ.

ಹೊರಡುವಾಗ ಹೊನ್ನೂರಮ್ಮ ಜೀಪಿನ ಕಿಟಕಿಯ ಹತ್ತಿರ ಬಂದರು. ಸಿಟ್ಟಿರಲಿಲ್ಲ. ನನ್ನ ಕೈಯಲ್ಲಿ ಮುರಿದಿದ್ದ ಮುಳ್ಳನ್ನು ಉಗುರಿನಿಂದ ಒತ್ತಿ ತೆಗೆಯುತ್ತಾ ಹೇಳಿದರು.

“ನೀವು ಖರೇನ ಸರ್ವೇದವ್ರು ಆಗಿದ್ರ ಚಲೋ ಇತ್ತು ನೋಡಮ್ಮ. ತುಂಡು ಹೋಗೋದಿದ್ರ ಹೋಗ್ತಿತ್ತು, ಉಳಿಯೋದಿದ್ರ ಉಳೀತಿತ್ತು. ಒಂದ ಸಲ ಅಂಜಿ ಮುಗಿಸ್ತಿದ್ದೆ. ಈಗ ನಾಳಿಂದ ಮತ್ತ ಅಂಜಬೇಕಲ್ಲ.”

ನಾವು ಸರ್ವೇದವರಲ್ಲ ಅಂತ ಬಾಯಿ ನೋಯುವಷ್ಟು ಹೇಳಿ, ಗೂಟ ಕಿತ್ತು ನಂಬಿಸಿದೆವಲ್ಲ, ಅದರಿಂದ ನೆಮ್ಮದಿ ಸಿಕ್ಕಿದ್ದು ಯಾರಿಗೆ?