ಅಯಾನ್‌ಗೆ ಸಿಕ್ಕಿದ ಪಾತ್ರ

ಆಗ ನಮ್ಮ ಶಾಲೆಯಲ್ಲಿ ಕಪ್ಪು ಜಡೆಯ ಹುಡುಗಿ ಎಂದರೆ ನಾನೊಬ್ಬಳೇ. ಅಪ್ಪನಿಗೆ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಕೆಲಸ. ನಮ್ಮ ಮನೆ ಅಲ್ಲಿಂದ ಸ್ವಲ್ಪ ದೂರದ ಸಣ್ಣ ಊರಲ್ಲಿ. ಒದ್ದೆ ಉಣ್ಣೆಯ ಕೈಗವಸುಗಳ ವಾಸನೆ ತುಂಬಿದ ಆ ತರಗತಿಯಲ್ಲಿ ನನ್ನ ಜಡೆ ಮುಟ್ಟಿ ನೋಡಲು, ಪ್ರವಾಸದ ದಿನ ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಮುರಿದುಕೊಳ್ಳಲು ಹುಡುಗಿಯರು ಮುತ್ತಿಕೊಳ್ಳುತ್ತಿದ್ದರು. ಎಲ್ಸಾ ಅಂತೂ ನನ್ನ ಪಕ್ಕ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ.

ನಾಲ್ಕನೇ ಕ್ಲಾಸಿನ ಚಳಿಗಾಲದಲ್ಲಿ ಬಸ್ಸು ಬಂತು. ಊರಿನ ಆಚೆ ತುದಿಯಲ್ಲಿ, ಹೊರದೇಶದಿಂದ ಬಂದವರೇ ಇದ್ದ ಬಡಾವಣೆಯ ಶಾಲೆಯನ್ನು ಕೊಮ್ಯೂನ್‌ನವರು, ಅಂದರೆ ಊರಿನ ಆಡಳಿತದವರು, ಮುಚ್ಚಿದರು. ಎಲ್ಲ ಮಕ್ಕಳೂ ಬೆರೆತು ಕಲಿಯಲಿ ಎಂದು ಅಲ್ಲಿಯವರನ್ನು ನಮ್ಮ ಕಡೆಗೆ ಕಳಿಸಿದರು. ಆ ಬಸ್ಸಿನಿಂದ ಇಳಿದವಳು ಅಯಾನ್. ಸೊಮಾಲಿಯಾದವಳು, ನನಗಿಂತ ಗೇಣುದ್ದ ಎತ್ತರ. ನೆಲದ ಮೇಲೆ ಚೌಕ ಬರೆದು ಚೆಂಡು ಪುಟಿಸುವ 'ಕಿಂಗ್' ಆಟದಲ್ಲಿ ರಾಜನ ಚೌಕ ಬಹುಬೇಗ ಅವಳದಾಯಿತು. ಎಲ್ಸಾ ಹೋಗಿ ಅವಳ ಪಕ್ಕ ಕೂತಳು. ನನ್ನ ಜಡೆ ಯಾರಿಗೂ ಬೇಡವಾಯಿತು.

"ಯಾಕೇ, ಮುಖ ಬೋಂಡಾ ಥರ ಊದ್ಕೊಂಡಿದೆ?" ಅಮ್ಮ ಕೇಳಿದಳು.

"ಏನಿಲ್ಲ."

ಹಿಮ ಕರಗುವ ಹೊತ್ತಿಗೆ ನಮ್ಮ ಟೀಚರ್ ಬ್ರಿಟಾ ಅಮೆರಿಕದ ಕಥೆ ಹೇಳಿದರು. ಒಂದು ಕಾಲದಲ್ಲಿ ಅಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಹಿಂದಿನ ಸೀಟು. ಬಿಳಿಯರಿಗೆ ಸೀಟು ಬಿಟ್ಟುಕೊಡದ ಹೆಂಗಸರನ್ನು ಪೊಲೀಸರು ಹಿಡಿದೊಯ್ದರು. ಜನ ತಿಂಗಳುಗಟ್ಟಲೆ ಬಸ್ಸು ಹತ್ತದೆ ನಡೆದರು. ಪುಟ್ಟ ಮಕ್ಕಳು ಬೈಗುಳ ಕೇಳಿಸಿಕೊಳ್ಳುತ್ತಲೇ ಬಿಳಿಯರ ಶಾಲೆಯ ಮೆಟ್ಟಿಲು ಹತ್ತಿದರು. ಇದನ್ನೇ ನಾಟಕ ಆಡೋಣ ಎಂದರು.

ಏಳದೆ ಕೂತ ಹೆಂಗಸಿನ ಪಾತ್ರ ನನಗೇ ಎಂದುಕೊಂಡು ಅಮ್ಮನ ಕೋಟು ತೊಟ್ಟು ಕನ್ನಡಿ ಮುಂದೆ ಕೂತು ಅಭ್ಯಾಸ ಮಾಡಿದೆ. ಪಾತ್ರ ಅಯಾನ್‌ಗೆ ಸಿಕ್ಕಿತು. ನಾನು ಡ್ರೈವರ್.

"ಡ್ರೈವರ್ ಇಲ್ದೆ ಬಸ್ ಹೋಗತ್ತಾ ಪುಟ್ಟಾ?" ಎಂದ ಅಪ್ಪ.

"ಹಾಗಾದ್ರೆ ನೀನೇ ಮಾಡು!" ಎಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನಾಟಕದ ದಿನ ಸಭಾಂಗಣದಲ್ಲಿ ಕಾಫಿ, ದಾಲ್ಚಿನ್ನಿ ಬನ್ನಿನ ಘಮ. ನನಗೆ ಬಣ್ಣದಲ್ಲಿ ಬರೆದ ಮೀಸೆ, ತಲೆಗೆ ದೊಡ್ಡ ಟೋಪಿ. ಚಳಿಗಾಲವಿಡೀ ಹೊಟ್ಟೆಯಲ್ಲಿ ಉರಿದದ್ದೆಲ್ಲ ಗಂಟಲಿಗೆ ಬಂತು. "ಏಳು! ಅದು ನಿನ್ನ ಜಾಗ ಅಲ್ಲ!" ಎಂದು ಕಿರುಚಿದೆ.

"ಏಳಲ್ಲ" ಎಂದಷ್ಟೇ ಅವಳು ಹೇಳಬೇಕಿತ್ತು. ನನ್ನನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, "ಒಂದು ಸಲ ನಮ್ಮ ಶಾಲೆಯಿಂದ ಎಬ್ಬಿಸಿದ್ದಾರೆ. ಇನ್ನು ಏಳಲ್ಲ" ಎಂದಳು.

ನನಗೆ ಮುಂದಿನ ಮಾತು ಮರೆತೇಹೋಯಿತು. ನಾನು ಕರೆಯುವ ಮೊದಲೇ ಪೊಲೀಸ್ ವೇಷದ ಎಲ್ಸಾ ತಾನಾಗಿಯೇ ಬಂದು ಅಯಾನ್‌ಳ ಕೈ ಹಿಡಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಅಂಥ ಮಾತೂ ಅವಳ ಬಳಿಯೇ ಇತ್ತಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

ಆಮೇಲೆ ಅಮ್ಮ ದುಪಟ್ಟಾದ ತುದಿಯಿಂದ ನನ್ನ ಮೀಸೆ ಒರೆಸುತ್ತಿದ್ದಳು. ಅಯಾನ್ ಗೋಡೆಗೆ ಒರಗಿ ನಿಂತು ಅದನ್ನೇ ನೋಡುತ್ತಿದ್ದಳು. ಶಾಲೆಯ ಬಸ್ಸು ಮಕ್ಕಳನ್ನಷ್ಟೇ ಕರೆತರುತ್ತಿತ್ತು. ಅವಳ ಮನೆಯಿಂದ ಯಾರೂ ಬಂದಿರಲಿಲ್ಲ.

"ನಿಮ್ಮಮ್ಮ ನಡ್ಕೊಂಡೇ ಬಂದ್ರಾ?" ಸ್ವೀಡಿಷ್‌ನಲ್ಲಿ ಕೇಳಿದಳು.

"ಹೂಂ. ಇಲ್ಲೇ ಹತ್ತಿರ ಮನೆ."

"ಪುಣ್ಯವಂತೆ ನೀನು." ಅವಳ ಕಣ್ಣಲ್ಲಿದ್ದದ್ದು ಏನೆಂದು ನನಗೆ ತಕ್ಷಣ ಗೊತ್ತಾಯಿತು. ಚಳಿಗಾಲವಿಡೀ ನನ್ನಲ್ಲಿದ್ದದ್ದೂ ಅದೇ.

"ಬಾ ಕಂದಾ" ಎಂದು ಅಮ್ಮ ಕನ್ನಡದಲ್ಲೇ ಕರೆದು ಅವಳ ಕೈಗೊಂದು ಬನ್ನು ಕೊಟ್ಟಳು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಮರುವರ್ಷ ನಮ್ಮ ಕಡೆಯ ಕೆಲವರು ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಎಲ್ಸಾಳೂ ಹೋದಳು. ಬಡಾವಣೆಯವರೂ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಬಸ್ಸು ಅರ್ಧ ಖಾಲಿ ಬರತೊಡಗಿತು, ಕೊನೆಗೆ ನಿಂತೇಹೋಯಿತು. ಅಯಾನ್ ಎಲ್ಲಿದ್ದಾಳೋ ತಿಳಿಯದು.

ನಾನೀಗ ಮಾಲ್ಮೋ ನಗರದಲ್ಲಿದ್ದೇನೆ. ಮಗಳಿಗಾಗಿ ಮೊನ್ನೆ ಶಾಲೆಗಳನ್ನು ನೋಡಿಬಂದೆ. ಚೆಂದದ ಗ್ರಂಥಾಲಯ, ಚೆಂದದ ಅಂಗಳ. ಒಂದೊಂದು ಶಾಲೆಯಲ್ಲೂ ಒಂದೇ ಬಗೆಯ ಮನೆಗಳ ಮಕ್ಕಳು ಮಾತ್ರ. ಅಯಾನ್ ಮತ್ತು ನಾನು ಒಬ್ಬರಲ್ಲಿದ್ದದ್ದನ್ನು ಇನ್ನೊಬ್ಬರು ಬಯಸುವಷ್ಟು ಹತ್ತಿರ ನಿಂತಿದ್ದೆವು. ನನ್ನ ಮಗಳಿಗೆ ಅಷ್ಟು ಹತ್ತಿರ ನಿಲ್ಲುವವರು ಯಾರೂ ಸಿಗಲಾರರು.